ಡಿಸೋಜ ಎಂಬ ಹೆಸರು

ಮಂಗಳೂರಿನ ಕಡೆಯ ಯಾವ ಶಾಲೆಯ ಹಾಜರಿ ಪುಸ್ತಕವನ್ನು ತೆರೆದರೂ ಒಬ್ಬಿಬ್ಬರು ಡಿಸೋಜರು ಸಿಕ್ಕಿಯೇ ಸಿಗುತ್ತಾರೆ. ನಾನು ಓದಿದ ಪ್ರೌಢಶಾಲೆಯ ಒಂದೇ ತರಗತಿಯಲ್ಲಿ ನಾವು ಐವರಿದ್ದೆವು. ಐವರಲ್ಲಿ ಯಾರಿಗೆ ಯಾರೂ ನಂಟರಲ್ಲ. ಘಟ್ಟ ಹತ್ತಿ ಈ ಕಾಲೇಜಿಗೆ ಬಂದ ಮೇಲೆ ತರಗತಿಗೆ ನಾನೊಬ್ಬನೇ ಡಿಸೋಜನಾದೆ. ಅಂದಿನಿಂದ ಪ್ರಶ್ನೆಗಳೂ ಮೊದಲಾದವು. ಹಾಗೆಂದರೇನು ಅರ್ಥ? ನಿಮ್ಮ ಹಿರಿಯರು ಪೋರ್ತುಗಾಲಿನಿಂದ ಬಂದವರೆ? ಮನೆಯಲ್ಲಿ ಆಡುವ ಮಾತು ಇಂಗ್ಲಿಷೋ? ಒಬ್ಬ ಮಿತ್ರನಂತೂ ನನ್ನನ್ನು ‘ಪರಂಗಿ’ ಎಂದೇ ಕರೆಯುತ್ತಾನೆ. ಅವನ ಮಾತಿನಲ್ಲಿ ಕಹಿಯಿಲ್ಲ, ನಿಜ. ಆದರೆ ಆ ಪದವನ್ನು ಕಹಿಯಾಗಿಯೇ ಆಡುವವರೂ ಉಂಟು. ಆದುದರಿಂದ ಈ ಹೆಸರು ಎಲ್ಲಿ ಹುಟ್ಟಿತು, ನಮ್ಮವರೆಗೆ ಹೇಗೆ ಬಂದಿತು ಎಂಬುದನ್ನು ಇಲ್ಲಿ ವಿವರಿಸಬಯಸುತ್ತೇನೆ.

ಡಿಸೋಜ ಎಂಬುದು ಒಂದು ಪದವಲ್ಲ, ಎರಡು. ಪೋರ್ತುಗೀಸ್ ಭಾಷೆಯಲ್ಲಿ ‘ದೆ’ ಎಂದರೆ ‘ಇಂಥ ಊರಿನ’ ಎಂದರ್ಥ. ಉಳಿದ ‘ಸೋಜ’ ಒಂದು ನದಿಯ ಹೆಸರು. ಪೋರ್ತುಗಾಲಿನ ಉತ್ತರ ಭಾಗದಲ್ಲಿ ಫೆಲ್ಗೇರಾಸ್ ಎಂಬ ಊರಿನ ಸಮೀಪ ಹುಟ್ಟಿ, ಪೆನಾಫಿಯೆಲ್, ಪಾರೆದೆಸ್ ಸೀಮೆಗಳನ್ನು ಹಾದು, ಪೋರ್ಟೊ ನಗರಕ್ಕೆ ಸ್ವಲ್ಪ ಮೇಲೆ ದೋರು ಎಂಬ ಹಿರಿಯ ನದಿಯನ್ನು ಸೇರುವ ಚಿಕ್ಕ ಹೊಳೆಯಿದು. ಸಂಗಮದಲ್ಲಿರುವ ಊರಿಗೆ ಇಂದಿಗೂ ಸೋಜದ ಅಳಿವೆ ಎಂಬ ಅರ್ಥದ ಹೆಸರೇ ಇದೆ. ಹೀಗೆ ಡಿಸೋಜ ಎಂದರೆ ‘ಸೋಜ ಸೀಮೆಯವನು’. ಕುಪ್ಪಳಿ ಪುಟ್ಟಪ್ಪ ಎಂಬಲ್ಲಿ ಕುಪ್ಪಳಿ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ನಾವು ಊರನ್ನು ಹೆಸರಿನ ಮುಂದೆ ಇಡುತ್ತೇವೆ, ಅವರು ಹಿಂದೆ ಇಡುತ್ತಾರೆ, ಅಷ್ಟೆ. ಇನ್ನು ನದಿಗೆ ಆ ಹೆಸರು ಏಕೆ ಬಂತೆಂದರೆ, ಲ್ಯಾಟಿನಿನಲ್ಲಿ ಕಲ್ಲುಬಂಡೆಗೆ ಹೇಳುವ ‘ಸಾಕ್ಸ’ದಿಂದ ಬಂದಿತೆಂದು ಕೆಲವರ ವಾದ. ಆದರೆ ಆ ಮೂಲದಿಂದ ಬಂದ ಪೋರ್ತುಗೀಸ್ ಪದ ‘ಸೈಶು’, ಅಂದರೆ ಬೆಣಚುಗಲ್ಲು. ಒಂದೇ ಬೀಜದಿಂದ ಇಷ್ಟು ಬೇರೆಯಾದ ಎರಡು ಗಿಡಗಳು ಎದ್ದವೆಂದು ನಂಬುವುದು ನನಗೆ ಕಷ್ಟ.

ಆ ಹೊಳೆಯ ದಂಡೆಯಲ್ಲಿ ಭೂಮಿಯಿದ್ದ ಸರದಾರರು ತಮ್ಮನ್ನು ಸೋಜದವರೆಂದು ಕರೆದುಕೊಂಡರು. ಹನ್ನೆರಡನೆಯ ಶತಮಾನದಲ್ಲಿ ಪೋರ್ತುಗಾಲ್ ಸ್ವತಂತ್ರ ರಾಜ್ಯವಾದಾಗ ದೊಡ್ಡ ಮನೆತನಗಳಲ್ಲಿ ಅವರದೂ ಒಂದು. ಮುಂದಿನ ಶತಮಾನದಲ್ಲಿ ಗಂಡು ಸಂತಾನ ನಿಂತು ಹೋಗಿ, ಆ ಮನೆಯ ಹೆಣ್ಣುಮಕ್ಕಳನ್ನು ದೊರೆ ಮೂರನೆಯ ಅಫೋನ್ಸೊವಿನ ವಿವಾಹಬಾಹಿರ ಪುತ್ರರು ಮದುವೆಯಾದರು. ಅವರ ಪೀಳಿಗೆ ತಾಯಿಯ ಕಡೆಯ ಹೆಸರನ್ನೇ ಉಳಿಸಿಕೊಂಡಿತು. ಹೆಣ್ಣಿನಿಂದ ಉಳಿದ ಹೆಸರು ಇದೆಂಬುದನ್ನು ಅಳಿಯಕಟ್ಟಿನ ನಾಡಿನವರು ಗಮನಿಸಬೇಕು.

ಈ ಮನೆತನದ ಒಬ್ಬನು ನಮ್ಮ ಕರಾವಳಿಗೂ ಬಂದ. ಅವನು ಮಾರ್ತಿಂ ಅಫೋನ್ಸೊ ದೆ ಸೋಜ. 1532ರಲ್ಲಿ ಬ್ರೆಜಿಲಿನಲ್ಲಿ ಸಾವ್ ವಿಸೆಂತೆ ಎಂಬ ವಸಾಹತನ್ನು ಸ್ಥಾಪಿಸಿದವನು ಅವನೇ. 1542ರಿಂದ 1545ರವರೆಗೆ ಗೋವೆಯಲ್ಲಿ ಗವರ್ನರನಾಗಿದ್ದ. ಸಂತ ಫ್ರಾನ್ಸಿಸ್ ಝೇವಿಯರರು ಭಾರತಕ್ಕೆ ಬಂದದ್ದು ಇವನ ಜೊತೆಯಲ್ಲಿಯೇ. ಅದೇ 1542ರಲ್ಲಿ ಇವನು ಭಟ್ಕಳದ ಮೇಲೆ ದಂಡೆತ್ತಿ ಬಂದು ಊರನ್ನು ಸೂರೆಮಾಡಿದ. ಹೆಸರನ್ನು ಕೇಳಿ ನನ್ನನ್ನು ಇವನ ವಂಶಕ್ಕೆ ಸೇರಿಸುವ ಮಿತ್ರರಿಗೆ ನಾನು ಹೇಳುವುದಿಷ್ಟೆ: ಸೂರೆಮಾಡಿದವರ ಹೆಸರು ಡಿಸೋಜ ಎಂದಿತ್ತು, ನಿಜ, ಆದರೆ ಅಂದು ನನ್ನ ಹಿರಿಯರ ಹೆಸರು ಡಿಸೋಜ ಎಂದಿರಲಿಲ್ಲ.

ಏಕೆಂದರೆ ನಮಗೆ ಈ ಹೆಸರು ರಕ್ತದಿಂದ ಬಂದದ್ದಲ್ಲ, ನೀರಿನಿಂದ ಬಂದದ್ದು, ಜ್ಞಾನಸ್ನಾನದ ನೀರಿನಿಂದ. 1510ರಲ್ಲಿ ಗೋವೆ ಪೋರ್ತುಗೀಸರ ವಶವಾದ ಮೇಲೆ ಅಲ್ಲಿ ಮತಾಂತರ ನಡೆಯಿತು. ಹೊಸದಾಗಿ ಕ್ರೈಸ್ತನಾದವನಿಗೆ ಹೊಸ ಹೆಸರು ಬೇಕು. ಜ್ಞಾನಸ್ನಾನದ ಹೊತ್ತಿಗೆ ಪಕ್ಕದಲ್ಲಿ ನಿಂತ ಜ್ಞಾನಪಿತನ ಕುಲನಾಮವನ್ನೋ, ಸಂಸ್ಕಾರ ಮಾಡಿಸಿದ ಪಾದ್ರಿಯ ಕುಲನಾಮವನ್ನೋ ಕೊಡುವುದು ವಾಡಿಕೆಯಾಗಿತ್ತು. ಜ್ಞಾನಪಿತನಾಗಿ ನಿಂತವನು ಒಬ್ಬ ಸಿಪಾಯಿಯೋ ಅಧಿಕಾರಿಯೋ ಇರಬಹುದು. ಅವನು ಸೋಜನಾದರೆ ಇವನೂ ಸೋಜ, ಅವನು ಪಿರೇರನಾದರೆ ಇವನೂ ಪಿರೇರ. ಒಡಹುಟ್ಟಿದವರಿಗೆ ಬೇರೆಬೇರೆ ಕುಲನಾಮಗಳು ಬಂದದ್ದುಂಟು. ಒಂದಕ್ಕೊಂದು ಸಂಬಂಧವೇ ಇಲ್ಲದ ನೂರು ಮನೆಗಳಿಗೆ ಒಂದೇ ಕುಲನಾಮ ಬಂದದ್ದೂ ಉಂಟು. ನಮ್ಮ ತರಗತಿಯ ಐವರು ಡಿಸೋಜರ ಗುಟ್ಟು ಇದೇ. ಆದುದರಿಂದಲೇ ನಮ್ಮಲ್ಲಿ ಡಿಸೋಜನು ಡಿಸೋಜಳನ್ನು ಮದುವೆಯಾಗುವುದಕ್ಕೆ ಅಡ್ಡಿಯಿಲ್ಲ; ಕುಲನಾಮವೊಂದಾದ ಮಾತ್ರಕ್ಕೆ ಗೋತ್ರವೊಂದಾಗಲಿಲ್ಲ.

ಹಳೆಯ ಹೆಸರು ಹಾಗೆಂದು ಸತ್ತು ಹೋಗಲಿಲ್ಲ. ಪ್ರಭು, ಕಾಮತ, ಪೈ, ಶೆಣೈ, ನಾಯಕ ಎಂಬ ಮನೆತನದ ಹೆಸರುಗಳನ್ನು ಮಂಗಳೂರಿನ ಕೊಂಕಣಿ ಕ್ರೈಸ್ತರ ಹಲವು ಮನೆಗಳಲ್ಲಿ ಇಂದಿಗೂ ನೆನಪಿಟ್ಟಿದ್ದಾರೆ. ನನ್ನ ಅಜ್ಜಿ ಮದುವೆಯ ಮಾತುಕತೆಗೆ ಕುಳಿತರೆ ಬಂದವರು ಡಿಸೋಜರೋ ಪಿಂಟೋಗಳೋ ಎಂದು ಕೇಳುತ್ತಿರಲಿಲ್ಲ. ಹಿಂದೆ ಯಾವ ಮನೆಯವರೆಂದು ಕೇಳುತ್ತಿದ್ದಳು. ಆ ಪ್ರಶ್ನೆಯಲ್ಲಿ ಜಾತಿಯ ಲೆಕ್ಕವೂ ಅಡಗಿತ್ತೆಂಬುದನ್ನು ನಾನು ಮರೆಮಾಚಲಾರೆ. ಹೆಸರು ಬದಲಾದರೂ ಅದೊಂದು ಬದಲಾಗಲಿಲ್ಲ.

ಗೋವೆಯಿಂದ ಕನ್ನಡ ಜಿಲ್ಲೆಗೆ ನಮ್ಮವರು ಬಂದದ್ದು ಒಮ್ಮೆಗೇ ಅಲ್ಲ, ಅಲೆ ಅಲೆಯಾಗಿ. ಬರ, ರೋಗ, ತೆರಿಗೆ, 1560ರಲ್ಲಿ ಆರಂಭವಾದ ಧರ್ಮವಿಚಾರಣೆಯ ನ್ಯಾಯಾಲಯದ ಭಯ, ಮರಾಠರ ದಂಡಯಾತ್ರೆಗಳು, ಹೀಗೆ ಕಾರಣಗಳು ಹಲವು. ಇಲ್ಲಿ ಭತ್ತ ಬೆಳೆಯುವ ಭೂಮಿಯಿತ್ತು, ಬೇಸಾಯಗಾರರು ಬೇಕಿದ್ದರು. ಕೆಳದಿಯ ಅರಸರ ನಾಡಿನಲ್ಲಿ ಅವರು ಗೇಣಿಗೆ ಕುಳಿತರು. ಪೋರ್ತುಗೀಸರನ್ನು ಕೋಟೆಗಳಿಂದ ಹೊರದೂಡಿದ ಶಿವಪ್ಪನಾಯಕನ ರಾಜ್ಯದಲ್ಲಿಯೇ ಪೋರ್ತುಗೀಸ್ ಹೆಸರಿನ ಒಕ್ಕಲುಗಳು ಗದ್ದೆ ಉತ್ತವು. 1784ರಲ್ಲಿ ಟಿಪ್ಪು ಸುಲ್ತಾನನು ಈ ಜನರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1799ರ ಬಳಿಕ ಬದುಕಿ ಉಳಿದವರು ಹಿಂದಿರುಗಿದರು. ಹೋದಾಗ ಇದ್ದ ಭೂಮಿ ಎಷ್ಟೋ ಮಂದಿಗೆ ಬಂದಾಗ ಇರಲಿಲ್ಲ. ಹೆಸರು ಮಾತ್ರ ಜೊತೆಗೇ ಮರಳಿತು.

ಇನ್ನು ಹೊರನಾಡುಗಳ ಮಾತು. ಬ್ರೆಜಿಲಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಐದು ಕುಲನಾಮಗಳಲ್ಲಿ ಇದೂ ಒಂದು. ಅಲ್ಲಿ ಆಫ್ರಿಕದಿಂದ ಹಿಡಿದು ತಂದ ಗುಲಾಮರಿಗೆ ಒಡೆಯನ ಹೆಸರೇ ಅಂಟುತ್ತಿತ್ತು. ಆ ದೇಶದ ಹಿರಿಯ ಕವಿ ಕ್ರೂಸ್ ಇ ಸೋಜ (1861–1898) ಗುಲಾಮ ದಂಪತಿಗಳ ಮಗ. ಸೋಜ ಎಂಬುದು ಅವರನ್ನು ಬಿಡುಗಡೆ ಮಾಡಿದ ಸೇನಾನಿಯ ಹೆಸರು. ಇದಕ್ಕೆ ವಿರುದ್ಧವಾದ ದೃಷ್ಟಾಂತ ಪಶ್ಚಿಮ ಆಫ್ರಿಕದ ಬೆನಿನ್ ದೇಶದಲ್ಲಿದೆ. ಬ್ರೆಜಿಲಿನಿಂದ ಅಲ್ಲಿಗೆ ಹೋಗಿ ಗುಲಾಮರ ವ್ಯಾಪಾರ ಮಾಡಿ ಸಿರಿವಂತನಾದ ಫ್ರಾನ್ಸಿಸ್ಕೊ ಫೆಲಿಕ್ಸ್ ದೆ ಸೋಜ 1849ರಲ್ಲಿ ಸತ್ತ. ಅವನ ದೊಡ್ಡ ಕುಟುಂಬ ಇಂದಿಗೂ ಅಲ್ಲಿದೆ. ಮಾರಿದವನದೂ ಮಾರಾಟವಾದವನದೂ ಒಂದೇ ಹೆಸರು! ಸಿಂಹಳದಲ್ಲಿ ಇದೇ ಹೆಸರು ‘ಸೊಯ್ಸಾ’ ಆಗಿದೆ; ಪೆರೇರಾ, ಸಿಲ್ವಾಗಳ ಹಾಗೆ ಇದನ್ನೂ ಬೌದ್ಧರು ಸಂಕೋಚವಿಲ್ಲದೆ ಇಟ್ಟುಕೊಂಡಿದ್ದಾರೆ. ಅಮೆರಿಕದ ವಾದ್ಯಮೇಳದ ಪ್ರಸಿದ್ಧ ಸಂಗೀತಗಾರ ಜಾನ್ ಫಿಲಿಪ್ ಸೂಸಾನ ವಿಷಯದಲ್ಲಿ ಒಂದು ತಮಾಷೆಯ ಕಟ್ಟುಕಥೆಯಿದೆ. ಅವನ ಹೆಸರು ಬರಿಯ ‘ಸೊ’, ಪೆಟ್ಟಿಗೆಯ ಮೇಲೆ ಬರೆದಿದ್ದ ‘ಯು.ಎಸ್.ಎ.’ ಅದಕ್ಕೆ ಅಂಟಿಕೊಂಡು ಸೂಸಾ ಆಯಿತಂತೆ. ಅವನು ವಾಷಿಂಗ್ಟನ್ನಿನಲ್ಲಿ ಹುಟ್ಟಿದವನು, ತಂದೆ ಪೋರ್ತುಗೀಸ್ ಮೂಲದವನು ಎಂಬುದನ್ನು ಕಥೆ ಕಟ್ಟಿದವರು ಲೆಕ್ಕಕ್ಕೆ ಹಿಡಿಯಲಿಲ್ಲ.

ಬರವಣಿಗೆಯಲ್ಲಿಯೂ ಈ ಹೆಸರು ನಿಂತಲ್ಲಿ ನಿಂತಿಲ್ಲ. ಹಳೆಯ ಪೋರ್ತುಗೀಸಿನಲ್ಲಿ ಜಕಾರದ ಅಕ್ಷರದಿಂದ ಬರೆಯುತ್ತಿದ್ದುದನ್ನು ಪೋರ್ತುಗಾಲಿನಲ್ಲಿ 1911ರ ಕಾಗುಣಿತ ಸುಧಾರಣೆಯ ಮೇಲೆ ಸಕಾರದಿಂದ ಬರೆಯತೊಡಗಿದರು. ಉಚ್ಚಾರ ಮಾತ್ರ ಬದಲಾಗಲಿಲ್ಲ. ನಾವು ಉಳಿಸಿಕೊಂಡದ್ದು ಹಳೆಯ ರೂಪವನ್ನು. ಇಂಗ್ಲಿಷಿನವರು ಅದಕ್ಕೊಂದು ಮೇಲುಚಿಹ್ನೆಯನ್ನು ಸೇರಿಸಿದರು. ಕನ್ನಡದವರೋ, ಕಣ್ಣನ್ನು ಬಿಟ್ಟು ಕಿವಿಯನ್ನು ನಂಬಿ ‘ಸೋಜ’ ಎಂದು ಬರೆದರು; ಲಿಸ್ಬನ್ನಿನ ಉಚ್ಚಾರಕ್ಕೆ ಇಂಗ್ಲಿಷ್ ಬರಹಕ್ಕಿಂತ ನಮ್ಮ ಲಿಪಿಯೇ ಹತ್ತಿರವಾಗಿದೆ. ಶರಾವತಿಯಲ್ಲಿ ಮುಳುಗಿದ ಹಳ್ಳಿಗಳ ಸಂಕಟವನ್ನು ಬರೆದ ಸಾಗರದ ನಾ. ಡಿಸೋಜ (1937–2025), 2014ರಲ್ಲಿ ಮಡಿಕೇರಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು, ಈ ರೂಪವನ್ನೇ ಕನ್ನಡ ಪುಸ್ತಕಗಳ ಬೆನ್ನಿನ ಮೇಲೆ ನಿಲ್ಲಿಸಿದರು. ಅವರ ‘ದ್ವೀಪ’ವನ್ನು ಗ್ರಂಥಾಲಯದಲ್ಲಿ ಹುಡುಕುವ ಮಿತ್ರರು ‘ಡ’ಕಾರದ ಸಾಲಿನಲ್ಲಿ ನೋಡಬೇಕು. ಪೋರ್ತುಗಾಲಿನವರಾಗಿದ್ದರೆ ‘ದೆ’ಯನ್ನು ಲೆಕ್ಕಕ್ಕೇ ಹಿಡಿಯದೆ ‘ಸ’ಕಾರದಲ್ಲಿ ಇಡುತ್ತಿದ್ದರು.