ಖಾಕಿಯೊಳಗಿನ ಬಳಲಿಕೆ

ಪೋಲೀಸರ ಕೆಲಸವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕಳ್ಳರ ಬೆನ್ನಟ್ಟುವಿಕೆ, ಗಲಭೆಯಲ್ಲಿ ತೂರಿಬರುವ ಕಲ್ಲು, ಅಪಘಾತದ ದಾರುಣ ನೋಟ. ಆ ವೃತ್ತಿಯವರನ್ನು ಬಳಲಿಸುವುದು ಅಪಾಯವೊಂದೇ ಎಂದು ನಾವು ತಿಳಿಯುವುದು ಸಹಜ. ಆದರೆ ಶರೀರವಿಜ್ಞಾನವು ಹೇಳುವ ಮಾತು ಬೇರೆ.

ಅಪಾಯ ಎದುರಾದಾಗ ದೇಹದಲ್ಲಿ ಏನಾಗುತ್ತದೆ? ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಎರಡು ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸುರಿಸುತ್ತವೆ. ಎದೆಬಡಿತ ಏರುತ್ತದೆ, ಉಸಿರು ಬಿರುಸಾಗುತ್ತದೆ, ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ಹೊರಬಿಡುತ್ತದೆ. ಪ್ರಶ್ನಪತ್ರಿಕೆ ಕೈಗೆ ಬರುವ ಮುನ್ನ ಎದೆ ಹೊಡೆದುಕೊಳ್ಳುವುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಕಾದಾಟಕ್ಕೋ ಪಲಾಯನಕ್ಕೋ ಒದಗುವ ಈ ಸಿದ್ಧತೆಯನ್ನು ಅಮೆರಿಕದ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದರು. ಅಪಾಯ ಕಳೆದೊಡನೆ ದೇಹವು ಮೊದಲಿನ ಸ್ಥಿತಿಗೆ ಮರಳಬೇಕು. ಮರಳಲು ಬಿಡುವೇ ಇಲ್ಲದಿದ್ದರೆ? 1936ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಹಾನ್ಸ್ ಸೆಲ್ಯೆ ಅವರು ಇಲಿಗಳ ಮೇಲೆ ಪ್ರಯೋಗ ನಡೆಸಿ, ದೇಹವು ಮೊದಲು ಎಚ್ಚೆತ್ತು, ಬಳಿಕ ತಡೆದು ನಿಂತು, ಕೊನೆಗೆ ಸೋತುಹೋಗುವುದೆಂದು ತೋರಿಸಿದರು.

ಪೋಲೀಸರಿಗೆ ಆ ಬಿಡುವು ಏಕೆ ದೊರೆಯದೆಂಬುದನ್ನು ನೋಡೋಣ. ಮೊದಲನೆಯ ಕಾರಣ ಕೆಲಸದ ಅವಧಿ. ಪೋಲೀಸ್ ಅಧಿಕಾರಿಯು ಸದಾ ಕರ್ತವ್ಯದಲ್ಲಿರುವನೆಂದೇ ಭಾವಿಸತಕ್ಕದ್ದೆಂದು 1861ರ ಪೋಲೀಸ್ ಕಾಯಿದೆ ವಿಧಿಸಿತು. ಭಾರತದ ಠಾಣೆಗಳ ಸಿಬ್ಬಂದಿಯಲ್ಲಿ ನೂರಕ್ಕೆ ಸುಮಾರು 90 ಮಂದಿ ದಿನಕ್ಕೆ 8 ಗಂಟೆಗಳಿಗಿಂತ ಹೆಚ್ಚು ದುಡಿಯುತ್ತಿದ್ದರೆಂದು 2014ರ ಅಧ್ಯಯನವೊಂದು ತಿಳಿಸಿತು.

ಎರಡನೆಯದು ರಾತ್ರಿಪಾಳಿ. ನಮ್ಮ ಮಿದುಳಿನಲ್ಲೊಂದು ಗಡಿಯಾರವಿದೆ; ಕಣ್ಣಿಗೆ ಬೀಳುವ ಬೆಳಕೇ ಅದಕ್ಕೆ ಕೀಲಿ. ಅದರ ಆಣತಿಯಂತೆ ಕಾರ್ಟಿಸೋಲ್ ಎಂಬ ಹಾರ್ಮೋನು ಮುಂಜಾನೆ ಏರಿ ರಾತ್ರಿ ಇಳಿಯುತ್ತದೆ. ರಾತ್ರಿಯೆಲ್ಲ ಗಸ್ತು ತಿರುಗಿ ಹಗಲಿನಲ್ಲಿ ಮಲಗಿದವರಿಗೆ ಬರುವ ನಿದ್ರೆ ಅಲ್ಪ, ಅದೂ ತುಂಡುತುಂಡು. ಪಾಳಿ ಪದೇ ಪದೇ ಬದಲಾದರಂತೂ ಗಡಿಯಾರಕ್ಕೆ ಹೊಂದಿಕೊಳ್ಳಲು ಕಾಲವೇ ಸಾಲದು.

ಮೂರನೆಯದು ಕಣ್ಣಿಗೆ ಕಾಣದ್ದು. ಕೆಲಸದ ಭಾರ ಹೆಚ್ಚಿದ್ದು, ಅದನ್ನು ನಡೆಸುವ ಸ್ವಾತಂತ್ರ್ಯ ಕಡಿಮೆಯಿದ್ದಲ್ಲಿ ಮನಸ್ಸು ಹೆಚ್ಚು ನವೆಯುವುದೆಂದು ರಾಬರ್ಟ್ ಕರಾಸೆಕ್ 1979ರಲ್ಲಿ ಪ್ರತಿಪಾದಿಸಿದರು. ಠಾಣೆಯ ಪೇದೆಗಳಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ರಜೆಯು ಮೇಲಧಿಕಾರಿಯ ಕೈಯಲ್ಲಿ. ಬಂದೋಬಸ್ತಿನ ಕರೆ ಇದ್ದಕ್ಕಿದ್ದಂತೆ. ಜನರ ಸಿಟ್ಟು ಮಾತ್ರ ನೇರವಾಗಿ ಅವರ ಮುಖಕ್ಕೆ!

ಅಪಾಯವನ್ನು ಈ ವೃತ್ತಿಯಿಂದ ಪೂರ್ತಿಯಾಗಿ ತೆಗೆಯಲಾಗದು. ಪಾಳಿಯ ಪಟ್ಟಿಯನ್ನು ತಿದ್ದಬಹುದು. 2016ರಲ್ಲಿ ಮುಂಬಯಿಯ ದೇವನಾರ್ ಠಾಣೆಯಲ್ಲಿ 8 ಗಂಟೆಗಳ ಪಾಳಿಯನ್ನು ಪ್ರಯೋಗಕ್ಕೆ ತಂದುದು ಇಂತಹ ಒಂದು ಯತ್ನ. ದಣಿದ ಮಿದುಳು ಬೇಗ ಸಿಡುಕುತ್ತದೆ, ದುಡುಕಿ ತೀರ್ಮಾನಿಸುತ್ತದೆ. ಲಾಠಿಯನ್ನೋ ಬಂದೂಕನ್ನೋ ಹಿಡಿದ ಕೈಗೆ ಅಪ್ಪಣೆ ಕೊಡುವುದು ಅಂತಹ ಮಿದುಳಾದರೆ, ಆ ಬಳಲಿಕೆಯ ಫಲವನ್ನು ಉಣ್ಣುವವರು ಪೋಲೀಸರು ಮಾತ್ರವೇ ಅಲ್ಲ, ನಾವೂ ಹೌದು.