ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ: ಔಷಧ, ಆಸರೆ ಮತ್ತು ಶುಶ್ರೂಷೆ

ಕರಾವಳಿ ಕರ್ನಾಟಕದ ವೈದ್ಯಕೀಯ ಚರಿತ್ರೆಯಲ್ಲಿ ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಗೆ ವಿಶಿಷ್ಟ ಸ್ಥಾನವಿದೆ. ಈ ಸಂಸ್ಥೆಯು ಔಷಧ ವಿತರಣೆಯಿಂದ ಆರಂಭಗೊಂಡಿತು. ಆದರೆ ಸಮಾಜ ದೂರವಿಟ್ಟ ರೋಗಿಗಳಿಗೆ ನೀಡಿದ ಆಸರೆಯೇ ಅದನ್ನು ಆಸ್ಪತ್ರೆಯಾಗಿ ರೂಪಿಸಿತೆಂಬುದು ಅದರ ಬೆಳವಣಿಗೆಯ ಕ್ರಮದಿಂದ ವೇದ್ಯವಾಗುತ್ತದೆ.

1878ರಲ್ಲಿ ಮಂಗಳೂರಿನ ಕ್ರೈಸ್ತ ಮಿಷನ್ನಿನ ಹೊಣೆಯು ಯೇಸುಸಭೆಯ ಗುರುಗಳಿಗೆ ವಹಿಸಲ್ಪಟ್ಟಿತು. ಆ ವರ್ಷಾಂತ್ಯದಲ್ಲಿ ಬಂದಿಳಿದ ಗುರುಗಳ ತಂಡದಲ್ಲಿ ಜರ್ಮನಿಯ ಅಗಸ್ಟಸ್ ಮುಲ್ಲರ್ ಒಬ್ಬರು. 1880ರಲ್ಲಿ ಸ್ಥಾಪನೆಗೊಂಡ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಅವರು ಅಧ್ಯಾಪಕರಾಗಿದ್ದರು. ಹೋಮಿಯೋಪಥಿಯಲ್ಲಿ ಆಸಕ್ತಿಯಿದ್ದ ಅವರು ಅದೇ ವರ್ಷ ಬಡ ರೋಗಿಗಳಿಗೆ ಔಷಧ ನೀಡತೊಡಗಿದರು. ಕಂಕನಾಡಿಯ ಆಲದ ಮರದ ನೆರಳಿನಲ್ಲಿ ಈ ಸೇವೆ ಮೊದಲುಗೊಂಡಿತೆಂಬುದು ಪ್ರಚಲಿತ ಐತಿಹ್ಯ. ಮುಂದೆ ಇದೇ ಹೋಮಿಯೋಪಥಿ ಬಡವರ ಔಷಧಾಲಯವಾಯಿತು. ಇಲ್ಲಿಯ ಔಷಧಗಳು ದೂರದ ಊರುಗಳಿಗೂ ರವಾನೆಯಾಗುತ್ತಿದ್ದವು. ಮಾರಾಟದ ಆದಾಯವು ಧರ್ಮಾರ್ಥ ಸೇವೆಗೆ ಆಧಾರವಾಯಿತು.

1890ರಲ್ಲಿ ಮುಲ್ಲರ್ ಕುಷ್ಠರೋಗಿಗಳಿಗಾಗಿ ಆಶ್ರಯಧಾಮವನ್ನು ತೆರೆದರು. ಸಾಮಾನ್ಯ ರೋಗಿಗಳ ಆಸ್ಪತ್ರೆ ಸ್ಥಾಪನೆಯಾದುದು ಅನಂತರ, 1895ರಲ್ಲಿ. ಈ ಕ್ರಮ ಗಮನಾರ್ಹವಾದುದು. ಕುಷ್ಠರೋಗದ ಸೂಕ್ಷ್ಮಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿಯೇ ಗುರುತಿಸಿದ್ದರೂ ಆ ಕಾಲದಲ್ಲಿ ರೋಗಕ್ಕೆ ಪರಿಣಾಮಕಾರಿ ಚಿಕಿತ್ಸೆ ಇರಲಿಲ್ಲ. ರೋಗಿಯು ಮನೆಯಿಂದಲೂ ಊರಿನಿಂದಲೂ ಹೊರಗಾಗುತ್ತಿದ್ದನು. ಬ್ರಿಟಿಷ್ ಸರ್ಕಾರದ 1898ರ ಕುಷ್ಠರೋಗಿಗಳ ಕಾಯಿದೆಯು ನಿರ್ಗತಿಕ ರೋಗಿಗಳನ್ನು ಬಂಧಿಸಲು ಅವಕಾಶವಿತ್ತಿತು. ಅದು ರದ್ದಾದುದು 2016ರಲ್ಲಿ. ಇಂತಹ ಹಿನ್ನೆಲೆಯಲ್ಲಿ ಅನ್ನ, ವಸತಿ ಮತ್ತು ಹುಣ್ಣುಗಳ ಶುಚಿತ್ವವೇ ರೋಗಿಗೆ ದೊರೆಯಬಹುದಾದ ಬಹುದೊಡ್ಡ ನೆರವಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ಲೇಗು ಹಬ್ಬಿದಾಗಲೂ ಮುಲ್ಲರ್ ರೋಗಪೀಡಿತರಿಗೆ ಪ್ರತ್ಯೇಕ ಆಸ್ಪತ್ರೆಯ ವ್ಯವಸ್ಥೆ ಮಾಡಿದರು. ಅವರು 1910ರಲ್ಲಿ ನಿಧನರಾದರು.

ಮುಲ್ಲರ್ ಅವರ ಕಾರ್ಯವನ್ನು ಇಂದಿನ ವಿಜ್ಞಾನದ ಬೆಳಕಿನಲ್ಲಿ ಪರಿಶೀಲಿಸುವಾಗ ಔಷಧ ಮತ್ತು ಶುಶ್ರೂಷೆಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿಯು 2015ರಲ್ಲಿ ಪ್ರಕಟಿಸಿದ ಪರಿಶೀಲನೆಯು, ಹೋಮಿಯೋಪಥಿ ಯಾವುದೇ ರೋಗಸ್ಥಿತಿಯಲ್ಲಿ ಪರಿಣಾಮಕಾರಿ ಎನ್ನಲು ವಿಶ್ವಾಸಾರ್ಹ ಆಧಾರವಿಲ್ಲವೆಂಬ ನಿರ್ಣಯಕ್ಕೆ ಬಂದಿತು. ಕುಷ್ಠರೋಗಕ್ಕೆ ನಿಜವಾದ ಮದ್ದು ದೊರೆತುದು 1940ರ ದಶಕದ ಸಲ್ಫೋನ್ ಔಷಧಗಳಿಂದ. ವಿಶ್ವ ಆರೋಗ್ಯ ಸಂಸ್ಥೆಯು ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿದುದು 1981ರಲ್ಲಿ. ಆದರೂ ಕಂಕನಾಡಿಯ ಕಾರ್ಯದ ಮಹತ್ತ್ವ ಇದರಿಂದ ಕುಂದುವುದಿಲ್ಲ. ಮದ್ದಿಲ್ಲದ ಕಾಲದಲ್ಲಿ ರೋಗಿಯನ್ನು ಕೈಬಿಡದಿರುವುದೇ ಅಲ್ಲಿಯ ಚಿಕಿತ್ಸೆಯ ತಿರುಳಾಗಿತ್ತು.

ಸ್ವಾತಂತ್ರ್ಯಾನಂತರ ಸಂಸ್ಥೆಯ ಸ್ವರೂಪ ಬದಲಾಯಿತು. ಮಂಗಳೂರು ಧರ್ಮಪ್ರಾಂತ್ಯದ ಆಡಳಿತಕ್ಕೊಳಪಟ್ಟ ಈ ಸಂಸ್ಥೆಯು 1960ರಲ್ಲಿ ದಾದಿಯರ ತರಬೇತಿ ಶಾಲೆಯನ್ನೂ 1985ರಲ್ಲಿ ಹೋಮಿಯೋಪಥಿ ಕಾಲೇಜನ್ನೂ 1999ರಲ್ಲಿ ವೈದ್ಯಕೀಯ ಕಾಲೇಜನ್ನೂ ಆರಂಭಿಸಿತು. ದೇರಳಕಟ್ಟೆಯಲ್ಲಿ ಹೋಮಿಯೋಪಥಿ ಔಷಧ ತಯಾರಿಕೆಯ ಘಟಕ ರೂಪುಗೊಂಡಿತು. ಹೀಗೆ ಔಷಧಾಲಯವು ಆಸ್ಪತ್ರೆಯಾಗಿ, ಆಸ್ಪತ್ರೆಯು ಶಿಕ್ಷಣಸಂಸ್ಥೆಯಾಗಿ ವಿಸ್ತರಿಸಿತು.

ಈ ವಿಸ್ತರಣೆಯು ಒಂದು ಪ್ರಶ್ನೆಯನ್ನೂ ಎತ್ತುತ್ತದೆ. ಆಧುನಿಕ ಚಿಕಿತ್ಸೆಗೆ ಬೇಕಾಗುವ ಯಂತ್ರೋಪಕರಣ, ತಜ್ಞರು ಮತ್ತು ತೀವ್ರ ನಿಗಾ ಘಟಕಗಳ ವೆಚ್ಚವನ್ನು ಔಷಧದ ಮಾರಾಟ ಹಾಗೂ ದಾನಗಳಿಂದಷ್ಟೇ ಭರಿಸುವುದು ಕಠಿಣ. ರೋಗಿಗಳ ಶುಲ್ಕ ಮತ್ತು ಶಿಕ್ಷಣದ ಆದಾಯವನ್ನು ಅವಲಂಬಿಸಬೇಕಾದ ಧರ್ಮಾರ್ಥ ಆಸ್ಪತ್ರೆಗಳಲ್ಲಿ ಬಡವರ ಪಾಲನ್ನು ಉಳಿಸಿಕೊಳ್ಳಲು ಸದಾ ಎಚ್ಚರ ಅಗತ್ಯವಾಗುತ್ತದೆ. ಸಾಮಾನ್ಯ ರೋಗಿಗಿಂತ ಮೊದಲು ಬಹಿಷ್ಕೃತ ರೋಗಿಗೆ ಬಾಗಿಲು ತೆರೆದ 1890ರ ಆ ನಿರ್ಧಾರವು, ಕಟ್ಟಡಗಳ ವಿಸ್ತಾರಕ್ಕಿಂತ ಮಿಗಿಲಾಗಿ, ಇಂತಹ ಸಂಸ್ಥೆಗಳ ಸೇವೆಯನ್ನು ಅಳೆಯಲು ತಕ್ಕ ಮಾನದಂಡವಾಗಿದೆ.