ಸೋರುವ ಎಣ್ಣೆ, ಜಾರುವ ಕ್ಲಚ್

ಕಾರಿನ ಅಡಿಯಲ್ಲಿ ನೆಲದ ಮೇಲೆ ಮೂಡುವ ಕಲೆಯು ಸೋರಿಕೆ ಇರುವುದನ್ನು ತಿಳಿಸುತ್ತದೆಯೇ ಹೊರತು ಅದು ಎಲ್ಲಿಂದ ಹೊರಟಿದೆ ಎಂಬುದನ್ನಲ್ಲ. ಜರ್ಮನಿಯ ಪೋರ್ಷೆ ಕಂಪನಿಯು 1996ರಲ್ಲಿ ಮಾರುಕಟ್ಟೆಗೆ ತಂದ ಬಾಕ್ಸ್‌ಸ್ಟರ್ ಮತ್ತು ಮರುವರ್ಷ ಪರಿಚಯಿಸಿದ 996 ಮಾದರಿಯ 911 ಕಾರುಗಳು ಇದಕ್ಕೆ ಉತ್ತಮ ನಿದರ್ಶನಗಳಾಗಿವೆ. ಇವುಗಳ ಎಂಜಿನ್ನಿನಲ್ಲಿ ಆರು ಸಿಲಿಂಡರುಗಳು ಮೂರು ಮೂರಾಗಿ ಎದುರುಬದುರಾಗಿ ಅಡ್ಡ ಮಲಗಿರುವುದರಿಂದ, ಮೇಲೆಲ್ಲೋ ಜಿನುಗಿದ ಎಣ್ಣೆಯು ಚಲಿಸುವಾಗಿನ ಗಾಳಿಗೆ ಸಿಕ್ಕಿ ಹರಡಿ, ದೂರದ ಇನ್ನೊಂದು ಅಂಚಿನಿಂದ ತೊಟ್ಟಿಕ್ಕುವುದುಂಟು.

ಆದ್ದರಿಂದ ಮೊದಲು ಗುರುತಿಸಬೇಕಾದುದು ದ್ರವ ಯಾವುದು ಎಂಬುದನ್ನು. ಕಾರಿನಡಿ ರಾತ್ರಿ ಹಾಸಿಟ್ಟ ಬಿಳಿಯ ರಟ್ಟಿನ ಮೇಲೆ ಎಂಜಿನ್ ಆಯಿಲ್ ಕಂದು ಅಥವಾ ಕಪ್ಪು ಕಲೆಯಾಗಿ ಬೀಳುತ್ತದೆ. ಗೇರ್ ಆಯಿಲ್ ಗಂಧಕದ ಕಟುವಾಸನೆಯಿಂದ ಪತ್ತೆಯಾಗುತ್ತದೆ. ಎಂಜಿನ್ನನ್ನು ತಂಪಾಗಿಡುವ ಕೂಲಂಟ್ ಬಣ್ಣದಿಂದ ಕೂಡಿದ್ದು ಸಿಹಿವಾಸನೆ ಬೀರುತ್ತದೆ. ಬ್ರೇಕ್ ಆಯಿಲ್ ತೆಳುವಾಗಿ, ತಿಳಿಹಳದಿಯಾಗಿದ್ದು ಕಾರಿನ ಬಣ್ಣವನ್ನೇ ಕಿತ್ತುಬಿಡುತ್ತದೆ. ವಾಸನೆಯೂ ಬಣ್ಣವೂ ಇಲ್ಲದ ನೀರು ಮಾತ್ರವಿದ್ದರೆ ಅದು ಸಾಮಾನ್ಯವಾಗಿ ಏಸಿಯದು, ಅದರಿಂದ ಆತಂಕವಿಲ್ಲ. ಅನಂತರ ಎಂಜಿನ್ನಿನ ಅಡಿಭಾಗವನ್ನು ಚೆನ್ನಾಗಿ ತೊಳೆದು ಒರೆಸಿ, ಕೆಲವು ಕಿಲೋಮೀಟರ್ ಓಡಿಸಿ, ಲಿಫ್ಟಿನ ಮೇಲೇರಿಸಿ ನೋಡಿದಾಗ ಹೊಸದಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದೇ ಬಹುಮಟ್ಟಿಗೆ ಮೂಲವಾಗಿರುತ್ತದೆ.

ಈ ಕಾರುಗಳಲ್ಲಿ ಎಣ್ಣೆಯು ಮತ್ತೆ ಮತ್ತೆ ಕಾಣಿಸಿಕೊಳ್ಳುವ ಸ್ಥಳವೆಂದರೆ ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಸಂದು. ಪಿಸ್ಟನ್ನುಗಳ ಬಲವನ್ನು ತಿರುಗುವಿಕೆಯಾಗಿ ಮಾರ್ಪಡಿಸುವ ಕ್ರ್ಯಾಂಕ್‌ಶಾಫ್ಟ್ ಹೊರಬರುವಲ್ಲಿರುವ ಉಂಗುರಾಕಾರದ ಆಯಿಲ್ ಸೀಲ್, ಮತ್ತು ಅದರ ಕೆಳಗೆ, ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟುಗಳಿಗೆ ಚಾಲನೆ ನೀಡುವ ಇಂಟರ್‌ಮೀಡಿಯೆಟ್ ಶಾಫ್ಟಿನ ಮುಚ್ಚಳ, ಇವೆರಡೂ ಅಲ್ಲಿಯೇ ಇರುವುದರಿಂದ ಹೊರಗಿನಿಂದ ಯಾವುದು ಸೋರುತ್ತಿದೆ ಎಂದು ಹೇಳುವುದು ಕಷ್ಟ.

ಕ್ಲಚ್ ಇರುವುದೂ ಇದೇ ಸಂದಿನಲ್ಲಿ. ಎಂಜಿನ್ನಿನೊಡನೆ ತಿರುಗುವ ಫ್ಲೈವೀಲಿಗೆ ಪ್ರೆಷರ್ ಪ್ಲೇಟು ಕ್ಲಚ್ ಪ್ಲೇಟನ್ನು ಒತ್ತಿಹಿಡಿದಾಗ ಅವುಗಳ ನಡುವಿನ ಘರ್ಷಣೆಯೇ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುತ್ತದೆ. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸುತ್ತು ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಪ್ಲೇಟು ಸವೆದಿರಬಹುದು ಅಥವಾ ಅದರ ಮೇಲೆ ಎಣ್ಣೆ ಬಿದ್ದಿರಬಹುದು. ಆದರೆ ಪೆಡಲ್ ಮೆತ್ತಗಾಗಿ ಮೇಲೇಳದಿದ್ದರೆ ದೋಷವು ಕ್ಲಚ್ಚನ್ನು ಬಿಡಿಸುವ ಹೈಡ್ರಾಲಿಕ್ ವ್ಯವಸ್ಥೆಯಲ್ಲಿರುವ ಸಂಭವವೇ ಹೆಚ್ಚು. ಆಗ ಕ್ಲಚ್ ಬದಲಿಸಿದರೆ ಹಣವಷ್ಟೇ ವ್ಯರ್ಥವಾಗುತ್ತದೆ.

ಗೇರ್‌ಬಾಕ್ಸ್ ಇಳಿಸದೆ ಕ್ಲಚ್ ಕೈಗೆ ಸಿಗುವುದಿಲ್ಲವಾದ್ದರಿಂದ, ಈ ಕೆಲಸದಲ್ಲಿ ಬಿಡಿಭಾಗಗಳಷ್ಟೇ ದುಡಿಮೆಯ ವೆಚ್ಚವೂ ಭಾರವಾದುದು. ಒಮ್ಮೆ ಇಳಿಸಿದ ಮೇಲೆ ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗು ಇವನ್ನು ಒಟ್ಟಿಗೇ ಬದಲಿಸಿ, ಫ್ಲೈವೀಲನ್ನು ಪರೀಕ್ಷಿಸಿ, ಅದರ ಹಿಂದಿನ ಆಯಿಲ್ ಸೀಲನ್ನೂ ಹೊಸದಾಗಿ ಕೂರಿಸುವುದು ವಿವೇಕ. ಎಣ್ಣೆ ಕುಡಿದ ಪ್ಲೇಟನ್ನು ತೊಳೆದು ಮತ್ತೆ ಹಾಕಬಾರದು.

ಸಂದಿನಲ್ಲಿ ತುಸು ತೇವವಷ್ಟೇ ಇದ್ದು ಕ್ಲಚ್ ಗಟ್ಟಿಯಾಗಿದ್ದರೆ, ಎಣ್ಣೆಯ ಮಟ್ಟವನ್ನು ಗಮನಿಸುತ್ತ ಕಾಯಬಹುದು. ಬ್ರೇಕ್ ಆಯಿಲ್ ಸೋರಿದರೆ ಮಾತ್ರ ಕಾರನ್ನು ಒಂದು ದಿನವೂ ರಸ್ತೆಗಿಳಿಸಬಾರದು. ಗೇರ್‌ಬಾಕ್ಸ್ ಇಳಿಸಿದ ಮೇಲೆ, ಹೊಸ ಕ್ಲಚ್ ಕೂರಿಸುವ ಮೊದಲೇ ಮಾಲೀಕರು ಮೆಕ್ಯಾನಿಕ್‌ಗೆ ಹೇಳಿ ಸೋರಿಕೆಯ ಮೂಲವನ್ನು ಕಣ್ಣಾರೆ ನೋಡಿ ತಿಳಿದುಕೊಳ್ಳಬೇಕು. ಮೂಲ ಉಳಿದರೆ ಹೊಸ ಕ್ಲಚ್ಚೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.